ಸದ್ದಿಲ್ಲದೆ ಕೂತ ತೇಪೆ

ಎರಿಹಾಳದ ಹಗೇವು,
ಎರಡನೆಯ ವೈಶಾಖದ ಮೂವತ್ತೇಳನೆಯ ದಿನ
(ನಿಮ್ಮ ಲೆಕ್ಕದಲ್ಲಿ ಇಸವಿ ಎರಡು ಸಾವಿರದ ಇನ್ನೂರ ನಲವತ್ತರ ಆಸುಪಾಸು)

ಹೆಸರು ತಿಳಿಯದ ಹಿರಿಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಬೇಸಿಗೆ ಒಂದು ವೈಶಾಖದಲ್ಲಿ ಮುಗಿಯುವುದಿಲ್ಲ. ಹಾಗಾಗಿ ಇನ್ನೊಂದನ್ನು ಎಣಿಸುತ್ತೇವೆ, ಮಳೆ ಬೀಳುವವರೆಗೆ ಅದನ್ನು ಎಳೆಯುತ್ತಾ ಹೋಗುತ್ತೇವೆ. ನನ್ನ ಕೆಲವು ಮಾತುಗಳೂ ನಿಮ್ಮ ಕಿವಿಗೆ ಒರಟಾಗಿ ಕೇಳಿಸಬಹುದು. ಅದನ್ನು ಮನ್ನಿಸಬೇಕು. ಈ ಪತ್ರ ನಿಮಗೆ ತಲುಪುವ ದಾರಿ ಯಾವುದೂ ಇಲ್ಲವೆಂದು ನನಗೆ ಗೊತ್ತು. ಆದರೂ ನಮ್ಮ ಕಸುಬಿನಲ್ಲಿ ಒಂದು ವಾಡಿಕೆಯಿದೆ: ಹಿಂದಿನವರು ಬರೆದ ಸಾಲುಗಳನ್ನು ಬಳಸಿಕೊಂಡಾಗ ಅವರಿಗೊಂದು ಓಲೆ ಬರೆದು, ಗಟ್ಟಿಯಾಗಿ ಓದಿ, ಎತ್ತಿಡುತ್ತೇವೆ. ಇಂಥ ಓಲೆಗಳಲ್ಲಿ ಸಾಮಾನ್ಯವಾಗಿ ಕೃತಜ್ಞತೆಯ ಮಾತೇ ಇರುತ್ತದೆ. ಇದರಲ್ಲಿ ಅದು ಅರ್ಧ ಮಾತ್ರ.

ನನ್ನ ಹೆಸರು ದಾನಮ್ಮ ಪತ್ತಾರ. ಎರಿಹಾಳದ ತೇಪೆಮನೆಯಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಕಾಲಕ್ಕೂ ಹಿಂದೆ ಈ ಕರಿಮಣ್ಣಿನ ಸೀಮೆಯಲ್ಲಿ ನೆಲದೊಳಗೆ ಕುಣಿ ತೋಡಿ ಜೋಳ ತುಂಬಿಡುತ್ತಿದ್ದರಂತೆ. ಆ ಕುಣಿಗೆ ಹಗೇವು ಎಂದು ಹೆಸರು. ಈಗ ಬೇಸಿಗೆಯಲ್ಲಿ ಜೋಳದ ಜಾಗದಲ್ಲಿ ನಾವಿದ್ದೇವೆ. ಯುಗಾದಿ ಕಳೆದದ್ದೇ ಆಡು, ಕುರಿ, ಕೌದಿ, ಒಲೆ, ಎಲ್ಲ ಹೊತ್ತುಕೊಂಡು ಊರಿಗೆ ಊರೇ ಕೆಳಗಿಳಿಯುತ್ತದೆ. ಉದ್ದುದ್ದ ಪಡಸಾಲೆಗಳಲ್ಲಿ ಮನೆಗೊಂದು ಮೂಲೆ. ಬೆಳಗ್ಗೆ ಅಡುಗೆ ಪಡಸಾಲೆಯಲ್ಲಿ ಹೆಂಗಸರೂ ಗಂಡಸರೂ ಸಾಲಾಗಿ ಕೂತು ರೊಟ್ಟಿ ಬಡಿಯುವಾಗ ಆ ಸದ್ದು ಗೋಡೆಗೆ ಬಡಿದು ತಿರುಗಿ ಬರುತ್ತದೆ. ಇಲ್ಲಿ ಹುಟ್ಟಿದ ಮಕ್ಕಳು ಅದನ್ನು ಕೇಳದೆ ಏಳುವುದಿಲ್ಲ. ಹಗೇವಿನ ಗಾಳಿ ಮಾತ್ರ ಹಿಂದಿನಂತೆಯೇ ವಿಶ್ವಾಸಕ್ಕೆ ಯೋಗ್ಯವಲ್ಲ. ಜೋಳದ ಕಾಲದಲ್ಲೂ ಬಾಯಿ ತೆರೆದು ಗಾಳಿ ಆಡುವ ಮೊದಲೇ ಇಳಿದವರು ಉಸಿರುಗಟ್ಟಿ ಸತ್ತದ್ದುಂಟು. ಅದಕ್ಕೇ ನಮ್ಮಲ್ಲಿ ಪಡಸಾಲೆಗೊಂದು ದೊಡ್ಡ ಬೀಸಣಿಗೆ ಇದೆ, ಪಕ್ಕದಲ್ಲಿ ಕೆಟ್ಟ ಗಾಳಿಯನ್ನು ಅಳೆಯುವ ಒಂದು ಪುಟ್ಟ ಪೆಟ್ಟಿಗೆ ಇದೆ. ಅದನ್ನು ನಾವು ಮೂಗು ಎನ್ನುತ್ತೇವೆ. ಮೂಗು ಹೇಳಿದಂತೆ ಬೀಸಣಿಗೆ ಜೋರಾಗುತ್ತದೆ, ಇಲ್ಲವೇ ನಿಧಾನವಾಗುತ್ತದೆ.

ಇವೆರಡರ ನಡುವೆ ನಿಂತಿರುವುದೇ ನಿಮ್ಮ ಕಾಲದವರ ಸಾಲುಗಳು. ಯಂತ್ರದ ಎಲ್ಲ ಕೆಲಸಕ್ಕೂ ಬುಡದಲ್ಲಿರುವ, ನೀವು ಕರ್ನೆಲ್ ಎನ್ನುತ್ತಿದ್ದ ಬರಹವನ್ನು ನಾವು ತಿರುಳು ಎನ್ನುತ್ತೇವೆ. ತಿರುಳು ಒಂದೊಂದು ಉಪಕರಣವನ್ನು ನಡೆಸಲು ಇಟ್ಟುಕೊಂಡ ಭಾಗವನ್ನು ನೀವು ಡ್ರೈವರ್ ಎನ್ನುತ್ತಿದ್ದಿರಂತೆ, ನಮಗದು ಸಾರಥಿ. ಲೋಕದಲ್ಲೆಲ್ಲ ಹೊಸ ತಿರುಳು ಬೆಳೆಯುತ್ತಲೇ ಇದೆ. ಆದರೆ ನಮ್ಮ ಮುತ್ತಜ್ಜಿಯರು ಕೂರಿಸಿದ ಬೀಸಣಿಗೆಗಳಿಗೆ ಅದರ ಭಾಷೆ ತಿಳಿಯದು. ಅವು ನಿಮ್ಮ ಕಾಲದ ಒಂದು ತಿರುಳಿಗೆ ಮಾತ್ರ ಓಗೊಡುತ್ತವೆ. ಆದ್ದರಿಂದ ಅದನ್ನು ಸ್ಥಿರ ತಿರುಳು ಎಂದು ಕಾಯ್ದುಕೊಂಡು ಬಂದಿದ್ದೇವೆ. ಅದಕ್ಕೆ ಹೊಸದೇನನ್ನೂ ಸೇರಿಸುವುದಿಲ್ಲ. ದೋಷ ಕಂಡರೆ, ಅದೇ ದೋಷವನ್ನು ಹೊಸ ತಿರುಳಿನಲ್ಲಿ ಯಾರು ಹೇಗೆ ಸರಿಪಡಿಸಿದರೆಂದು ಹುಡುಕಿ, ಅಷ್ಟೇ ಚೂರನ್ನು ಕತ್ತರಿಸಿ ತಂದು ಹಳೆಯದಕ್ಕೆ ತೇಪೆ ಹಾಕುತ್ತೇವೆ. ಈ ಕೆಲಸಕ್ಕೆ ನಾನು ಮತ್ತು ಅಮೀನಾ ನದಾಫ್ ಇಬ್ಬರಿದ್ದೇವೆ. ಒಬ್ಬರು ಹಾಕಿದ ತೇಪೆಯನ್ನು ಇನ್ನೊಬ್ಬರು ಓದದೆ ಒಳಗೆ ಬಿಡುವುದಿಲ್ಲ.

ಈ ವರ್ಷ ಗಾಳಿಮಂಡಳಿಯವರು ನಮ್ಮ ಹಳೆಯ ಮೂಗುಗಳನ್ನು ಕಿತ್ತು ಹೊಸವನ್ನು ಹಾಕಿಸಿದರು. ಗಾಳಿಮಂಡಳಿ ಎಂದರೆ ಸೀಮೆಯ ಎಲ್ಲ ಹಗೇವುಗಳ ಉಸ್ತುವಾರಿ ನೋಡುವ ಕಚೇರಿ. ನಾವು ಹಳೆಯ ಹಗೇವು ಬಿಟ್ಟು ತಮ್ಮ ಹೊಸ ಹಗೇವಿಗೆ ಬರಬೇಕು ಎಂಬುದು ಅವರ ಬಹುಕಾಲದ ಆಸೆ. ಹೊಸ ಮೂಗು ಚುರುಕಾಗಿತ್ತು, ಸಾರಥಿ ಒಂದು ಅಳತೆಯನ್ನು ಓದಿ ಮುಗಿಸುವ ಮೊದಲೇ ಇನ್ನೊಂದನ್ನು ಕಳಿಸುತ್ತಿತ್ತು. ಆ ಗದ್ದಲದಲ್ಲಿ ಹೊಸ ಅಳತೆ ಕಳೆದುಹೋಗಿ, ಸಾರಥಿ ಹಳೆಯದನ್ನೇ ಹಿಡಿದು ಕೂರುತ್ತಿತ್ತು. ಒಂದು ಬೆಳಗ್ಗೆ ಅಡುಗೆ ಪಡಸಾಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಕಸ್ತೂರವ್ವ ಹಿಟ್ಟಿನ ಕೈಯಲ್ಲೇ ಪಕ್ಕಕ್ಕೆ ವಾಲಿ ಬಿದ್ದಳು. ಬೀಸಣಿಗೆ ತೂಕಡಿಸುವಂತೆ ತಿರುಗುತ್ತಿತ್ತು. ಮೂಗಿನ ಮೇಲೆ ಸಾರಥಿ ಹಚ್ಚುವ ದೀಪ ಮಾತ್ರ, ಗಾಳಿ ಚೆನ್ನಾಗಿದೆ ಎಂಬಂತೆ ಹಸಿರಾಗಿತ್ತು.

ಅವಳನ್ನು ಮೇಲಕ್ಕೆ ಹೊತ್ತುಕೊಂಡು ಹೋದರು. ಜೀವ ಉಳಿಯಿತು, ಆದರೆ ಮಾತು ಬರಲಿಲ್ಲ. ಅಂದಿನಿಂದ ಮೂಗನ್ನು ನಂಬದೆ ಪಡಸಾಲೆಗೊಂದು ಎಣ್ಣೆದೀಪ ಹಚ್ಚಿ, ಉರಿ ಕುಗ್ಗುತ್ತದೆಯೇ ಎಂದು ನೋಡಲು ಸರದಿಯ ಮೇಲೆ ಜನ ಕೂತರು.

ಆಗ ಬಂದವನು ಏಕನಾಥ. ಗಾಳಿಮಂಡಳಿಯ ಹೊಸ ತಿರುಳಿನ ಕೆಲಸಗಾರ, ಮೂವತ್ತರ ಆಸುಪಾಸಿನವನು. ಜೊತೆಗೆ ತಾಯಿ ಗೌರಾಬಾಯಿಯನ್ನೂ ಕರೆತಂದಿದ್ದ. ಪಟ್ಟಣದ ಬಿಸಿಲು ಆಕೆಗೆ ತಡೆಯುತ್ತಿಲ್ಲ ಎಂದು ಮೂಡಲ ಪಡಸಾಲೆಯಲ್ಲಿ ಒಂದು ಮೂಲೆ ಕೇಳಿ ಪಡೆದ. ಚೀಲ ಇಳಿಸುವ ಮೊದಲೇ ತೇಪೆಮನೆಗೆ ಬಂದು, ನಮ್ಮ ದೋಷಕ್ಕೆ ಮದ್ದು ತಂದಿದ್ದೇನೆ ಎಂದ. ಅದು ನೀವು ಬರೆದ ಮದ್ದು. ಹೊಸ ತಿರುಳಿನಲ್ಲಿ ಈಗಲೂ ಉಸಿರಾಡುತ್ತಿರುವ ನಿಮ್ಮ ಹತ್ತಾರು ಸಾಲುಗಳು. ಸಾರಥಿ ಮೂಗನ್ನು ಓದುವಾಗ ಒಂದು ಬೀಗ ಹಾಕಿಕೊಳ್ಳಬೇಕು, ಓದಿ ಮುಗಿಸಿ ಬೀಗ ತೆಗೆಯಬೇಕು, ಅಲ್ಲಿಯವರೆಗೆ ಬೇರೆ ಯಾರೂ ಅದನ್ನು ಮುಟ್ಟಬಾರದು. ಕೊನೆಯಲ್ಲಿ, ಇದನ್ನು ಹಳೆಯ ತಿರುಳುಗಳಿಗೂ ಕಳಿಸಿ ಎಂದು ನೀವೇ ಬರೆದಿದ್ದಿರಿ.

“ಹಚ್ಚಿಬಿಡ್ರಿ ಅಕ್ಕಾರ,” ಎಂದ ಏಕನಾಥ. “ನಾ ಎಲ್ಲಾ ನೋಡೀನಿ. ನಿಮ್ಮ ತಿರುಳಿನ ಮ್ಯಾಲ ಇಟ್ಟ ಕೂಡಲೇ ಕೂತು ಬಿಡ್ತು. ಒಂದ ಸಾಲೂ ತಕರಾರು ತಗೀಲಿಲ್ಲ.”

“ಅದಕ್ಕ ನನಗ ಅನುಮಾನ್ರೀ,” ಎಂದೆ.

ನಾನು ಹೇಳಿದ್ದು ಸುಳ್ಳಲ್ಲ. ಇಷ್ಟು ತಲೆಮಾರುಗಳ ಅಂತರ ದಾಟಿ ಬಂದ ತೇಪೆ ಎಲ್ಲಾದರೂ ಒಂದು ಕಡೆ ಎಳೆಯುತ್ತದೆ. ಒಂದು ಹೆಸರು ಬದಲಾಗಿರುತ್ತದೆ, ಒಂದು ಸಾಲು ಜಾಗ ಬಿಟ್ಟಿರುತ್ತದೆ. ಆ ಎಳೆತದಿಂದಲೇ ಎರಡು ತಿರುಳುಗಳ ನಡುವೆ ಏನು ಬದಲಾಗಿದೆಯೆಂದು ನಮಗೆ ಗೊತ್ತಾಗುವುದು. ಇದು ಸದ್ದಿಲ್ಲದೆ ಕೂತಿತ್ತು. ಆದರೆ ನನ್ನ ಅನುಮಾನ ತೇಪೆಯಲ್ಲಷ್ಟೇ ನಿಲ್ಲಲಿಲ್ಲ. ಮೂಗು ಬದಲಿಸಿದವರು ಮಂಡಳಿಯವರು, ಕೆಟ್ಟಿತೆಂದ ಕೂಡಲೇ ಮದ್ದು ಕೈಯಲ್ಲಿ ಹಿಡಿದು ಬಂದವರೂ ಅವರೇ. ನಮ್ಮ ಬೀಸಣಿಗೆಗಳು ನಿಂತರೆ ನಾವು ಎಲ್ಲಿಗೆ ಹೋಗಬೇಕೆಂದೂ ಅವರೇ ಹೇಳಿದ್ದರು. ತಾಯಿಯನ್ನು ಕರೆತಂದದ್ದು ಕೂಡ ನಮ್ಮ ಕಣ್ಣಿಗೆ ಮಣ್ಣೆರಚಲಿಕ್ಕೇ ಇರಬಹುದೆಂದು ನನಗನ್ನಿಸಿತು. ಇದನ್ನು ಬರೆಯುವಾಗ ಖುಷಿಯಾಗುತ್ತಿಲ್ಲ, ಆದರೆ ಅನ್ನಿಸಿದ್ದು ಹಾಗೇ.

ತೇಪೆಯನ್ನು ಮೊದಲು ಬೀಜದ ಪಡಸಾಲೆಯಲ್ಲಿ ಪರೀಕ್ಷಿಸೋಣ ಎಂದೆ. ಅಲ್ಲಿ ಜನ ಮಲಗುವುದಿಲ್ಲ, ಬೀಜದ ಮೂಟೆಗಳಷ್ಟೇ ಇರುತ್ತವೆ. ಏಕನಾಥ ಒಪ್ಪಿದ. ಒಂದು ಹಗಲು ಪೂರ್ತಿ ಅಲ್ಲಿಯ ಬೀಸಣಿಗೆ ಒಂದೇ ಹದದಲ್ಲಿ ತಿರುಗಿತು. ಬೇಕೆಂದೇ ಹೊಗೆ ಹಾಕಿದಾಗ ಮೂಗು ತಕ್ಷಣ ಕೆಂಪಾಯಿತು, ಬೀಸಣಿಗೆ ಜೋರಾಯಿತು. ಹಗೇವಿನ ಯಜಮಾನಿ ಬಂಗಾರೆವ್ವ ಕೋಲೂರಿಕೊಂಡು ಬಂದು ನೋಡಿ, ಇನ್ನೇನು ಬೇಕು ಎಂದಳು. ನಾನು ಇನ್ನೂ ಓದಬೇಕು ಎಂದೆ.

“ದಾನವ್ವಾ, ಮಂದಿ ಉಸಿರು ಬಿಗಿ ಹಿಡಕೊಂಡು ಕುಂತಾರ,” ಎಂದಳು ಬಂಗಾರೆವ್ವ. “ದೀಪ ನೋಡಿ ನೋಡಿ ಹುಡುಗ್ರ ಕಣ್ಣು ಕೆಂಪಾಗ್ಯಾವ. ನೀ ಇಲ್ಲಿ ಅಕ್ಕ್ಯಾಗ ಕಲ್ಲ ಆರ್ಸಿದಂಗ ಮಾಡಾಕತ್ತಿ. ನಾಳೆ ಇನ್ನೊಬ್ಬಾಕಿ ಬಿದ್ದರ ಯಾರು ಜವಾಬು?”

ದೋಷ ನಿಜ, ಮದ್ದೂ ನಿಜವಾಗಿ ಕಾಣುತ್ತಿತ್ತು. ತಡ ಮಾಡಿದರೂ ಸಾಯಬಹುದು, ಆತುರಪಟ್ಟರೂ ಸಾಯಬಹುದು. ಸಾಲುಗಳನ್ನು ಓದಿದೆ, ಮತ್ತೆ ಓದಿದೆ. ನಿಮ್ಮ ಬರಹದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಆದರೆ ಓದುತ್ತಾ ಓದುತ್ತಾ ನನ್ನ ಕಣ್ಣು ಏಕನಾಥ ಎಲ್ಲಿ ಹೋದ, ಯಾರ ಜೊತೆ ಮಾತಾಡಿದ ಎಂದು ಬಾಗಿಲ ಕಡೆಗೇ ಹೊರಳುತ್ತಿತ್ತು. ಅಮೀನಾ ಅದನ್ನು ಗಮನಿಸಿದಳು.

“ದಾನಕ್ಕಾ, ನೀ ಆ ಮನಷ್ಯಾನ ಮಾರಿ ಓದಾಕತ್ತಿ, ತೇಪಿ ಓದವಲ್ಲಿ,” ಎಂದಳು. “ಅವ ಒಳ್ಳೇವ ಇದ್ರೂ ಇದು ಕೆಟ್ಟಿರಬಹುದು. ಅವ ಕೆಟ್ಟವ ಇದ್ರೂ ಇದು ಸರಿ ಇರಬಹುದು. ಅದನ್ನ ಬಿಡು. ನಿನ್ನೆ ಬಿಸಿಲು ಹೆಂಗಿತ್ತು, ಹೇಳು.”

ಬಿಸಿಲು ಖಡಕ್ಕಾಗಿತ್ತು. ಅಂದರೆ ಸೂರ್ಯನ ಹಲಗೆಗಳಿಂದ ವಿದ್ಯುತ್ತು ಧಾರಾಳವಾಗಿ ಬರುತ್ತಿತ್ತು. ಆದರೆ ನಮ್ಮಲ್ಲಿ ಧೂಳು ಏಳುವ ದಿನಗಳೂ ಇವೆ. ಆಕಾಶ ಕೆಂಪಾಗಿ ಹಲಗೆಗಳು ಮಂಕಾದಾಗ ಬೀಸಣಿಗೆಗಳು ತಾವಾಗಿಯೇ ನಿಧಾನವಾಗಿ, ಇದ್ದ ವಿದ್ಯುತ್ತಿನಲ್ಲಿ ಕಾಲ ತಳ್ಳುತ್ತವೆ. ಅದಕ್ಕೆ ಸಾರಥಿಯೊಳಗೆ ಬೇರೆಯದೇ ಒಂದು ದಾರಿ ಇದೆ. ನಮ್ಮ ಪರೀಕ್ಷೆ ಆ ದಾರಿಯನ್ನು ತುಳಿದೇ ಇರಲಿಲ್ಲ.

ಮರುದಿನ ಮಧ್ಯಾಹ್ನ ಬೀಜದ ಪಡಸಾಲೆಯ ವಿದ್ಯುತ್ತನ್ನು ಅರ್ಧಕ್ಕಿಳಿಸಬೇಕು ಎಂದು ಕೇಳಿದೆ. ಏಕನಾಥನ ಮುಖ ಸಣ್ಣದಾಯಿತು.

“ನನ್ನ ಮ್ಯಾಲ ಅನುಮಾನ ಐತೇನ್ರೀ?”

“ಐತ್ರಿ,” ಎಂದೆ. ಸುತ್ತ ಜನವಿತ್ತು. ಎಲ್ಲರಿಗೂ ಕೇಳಿಸಿತು.

ವಿದ್ಯುತ್ತು ಇಳಿಸಿದೆವು. ಬೀಸಣಿಗೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಕೊನೆಗೆ ನಿಂತೇಬಿಟ್ಟಿತು. ವಿದ್ಯುತ್ತನ್ನು ಮತ್ತೆ ಪೂರ್ತಿ ಕೊಟ್ಟರೂ ಏಳಲಿಲ್ಲ. ಹೊಗೆ ಹಾಕಿದೆವು, ಮೂಗಿನ ದೀಪ ಹಸಿರಾಗಿಯೇ ಉಳಿಯಿತು. ಆಮೇಲೆ ಹಿಂದಿನಿಂದ ಯಾರೋ, “ಕೊಲ್ಲಾಕ ಬಂದಾನಲೇ ಇವ!” ಎಂದು ಕೂಗಿದರು. ಏಕನಾಥನ ಅಂಗಿಗೆ ಎಷ್ಟು ಕೈಗಳು ಬಿದ್ದವೋ. ಬಂಗಾರೆವ್ವ ಕೋಲು ಅಡ್ಡ ಹಿಡಿದು, ಹೊಡೆಯಬೇಡಿ, ಕಾಳಿನ ಕೋಣೆಯಲ್ಲಿ ಕೂಡಿಹಾಕಿ ಎಂದಳು. ಗೌರಾಬಾಯಿ ಮೂಡಲ ಪಡಸಾಲೆಯಿಂದ ಓಡಿ ಬಂದು ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

ನನಗೆ ಗೆದ್ದ ಭಾವ ಬರಬೇಕಿತ್ತು, ಬರಲಿಲ್ಲ. ಬೀಸಣಿಗೆ ಏಕೆ ನಿಂತಿತೆಂದು ನನಗಾಗಲಿ ಅಮೀನಾಳಿಗಾಗಲಿ ತಿಳಿದಿರಲಿಲ್ಲ. ಹೊಸ ತಿರುಳನ್ನು ಒಳಗಿನಿಂದ ಬಲ್ಲವನು ಒಬ್ಬನೇ, ಅವನು ಕಾಳಿನ ಕೋಣೆಯಲ್ಲಿದ್ದ. ನಾನು ಹೋಗಿ ಬಾಗಿಲ ಸಂದಿಯಲ್ಲಿ ನಿಂತೆ. ಗೌರಾಬಾಯಿ ಜಾಗ ಬಿಡಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

“ಅಕ್ಕಾರ, ಬಾಗಿಲು ಆಮ್ಯಾಲ ತಗೀರಿ,” ಎಂದ ಒಳಗಿನಿಂದ. “ನಿಮ್ಮ ತಿರುಳಿನ್ಯಾಗ ಬೀಸಣಿಗಿ ನಿಧಾನ ಮಾಡೂ ಭಾಗ ಐತಲ್ಲ, ಅದು ಮೂಗು ಓದಾಕ ಹೇಳೂಕಿಂತ ಮೊದಲ ಬೀಗ ಹಾಕ್ಕೊಂಡಿರತೈತೇನು, ನೋಡ್ರಿ.”

ಅಮೀನಾ ಓಡಿಹೋಗಿ ನೋಡಿ ಬಂದಳು. ಹಾಕಿಕೊಂಡಿರುತ್ತದೆ.

ಅದನ್ನು ಬಾಗಿಲ ಸಂದಿಯಲ್ಲಿ ಅವನಿಗೆ ತಿಳಿಸಿದೆ. ಆಮೇಲೆ ಅವನು ಹೇಳಿದ. ಹೊಸ ತಿರುಳಿನಲ್ಲಿ, ನಿಮ್ಮ ತೇಪೆಗಿಂತ ಎಷ್ಟೋ ಮೊದಲು, ಬೇರೆ ಯಾರೋ ಆ ಭಾಗವನ್ನು ಓರಣ ಮಾಡಿ, ಬೀಗ ತೆಗೆದ ಮೇಲೆಯೇ ಮೂಗನ್ನು ಓದುವಂತೆ ಬದಲಿಸಿದ್ದರು. ಯಾವ ದೋಷವನ್ನೂ ಸರಿಪಡಿಸಿದ ಕೆಲಸವಲ್ಲ ಅದು, ಬರೀ ಅಚ್ಚುಕಟ್ಟು. ಹಾಗಾಗಿ ಯಾರೂ ಅದನ್ನು ಹಳೆಯ ತಿರುಳಿಗೆ ಒಯ್ದಿರಲಿಲ್ಲ. ನೀವು ಅದರ ಮೇಲೆ ನಿಂತು ನಿಮ್ಮ ಬೀಗವನ್ನು ಬರೆದಿರಿ. ನಮ್ಮಲ್ಲಿ ಆ ನೆಲವೇ ಇರಲಿಲ್ಲ. ಬೀಸಣಿಗೆಯನ್ನು ನಿಧಾನಿಸುವಾಗ ಸಾರಥಿ ಒಮ್ಮೆ ಬೀಗ ಹಾಕಿಕೊಂಡು, ನಿಮ್ಮ ಸಾಲಿಗೆ ಬಂದು ಅದೇ ಬೀಗವನ್ನು ಇನ್ನೊಮ್ಮೆ ಹಾಕಲು ಹೋಗಿ, ತನ್ನ ಕೈಯಲ್ಲೇ ಇರುವ ಕೀಲಿಯನ್ನು ಬೇರೆ ಯಾರೋ ತಂದುಕೊಡುತ್ತಾರೆಂದು ಕಾಯುತ್ತಾ ನಿಂತುಬಿಡುತ್ತಿತ್ತು.

“ಈಗರ ನಂಬ್ತೀರೇನ್ರೀ?” ಎಂದು ಕೇಳಿದ.

“ಇಲ್ಲಪ್ಪಾ. ಓದಿ ನೋಡ್ತೀನಿ.”

“ಅಷ್ಟ ಮಾಡ್ರಿ, ಸಾಕು,” ಎಂದವನು ಇದ್ದಕ್ಕಿದ್ದಂತೆ ಬಾಗಿಲು ಬಡಿಯತೊಡಗಿದ. “ಅಕ್ಕಾರ, ನಾ ಇಲ್ಲಿಗೆ ಬರೂಕಿಂತ ಮೊದಲ ಹುಣಸಿಕಟ್ಟ್ಯಾಗ ಇದನ್ನ ಹಚ್ಚಿ ಬಂದೀನಿ. ಅವರು ತಕರಾರು ಮಾಡ್ಲಿಲ್ಲ. ಇವತ್ತ ಗಾಳಿ ಯಾವ ಕಡಿಂದ ಐತಿ?”

ಹುಣಸಿಕಟ್ಟಿ ನಮ್ಮ ಪಡುವಣಕ್ಕಿರುವ ಹಗೇವು, ನಮ್ಮಂತೆಯೇ ಹಳೆಯ ತಿರುಳಿನದು. ಮೇಲೆ ಹತ್ತಿ ಹೋದವರು ಓಡುತ್ತಾ ಇಳಿದು ಬಂದು, ಪಡುವಣದ ಆಕಾಶವೆಲ್ಲ ಕೆಂಪೆದ್ದಿದೆ ಎಂದರು. ಬಂಗಾರೆವ್ವ ತಂತಿಯಲ್ಲಿ ಹುಣಸಿಕಟ್ಟಿಯ ಯಜಮಾನನನ್ನು ಕರೆದು, ಎಲ್ಲರನ್ನೂ ಮೇಲೆ ಹತ್ತಿಸು ಎಂದಳು. ಎರಡೂ ಊರಿಗೆ ಕೆರೆನೀರಿನ ವಿಷಯದಲ್ಲಿ ಹಳೆಯ ಮನಸ್ತಾಪವಿದೆ. ಅವನು, ನಮ್ಮ ಮೂಗು ಹಸಿರಾಗಿಯೇ ಇದೆ, ನಿಮ್ಮ ಆಟ ನಮಗೆ ಗೊತ್ತು, ಸುಡುವ ಬಿಸಿಲಲ್ಲಿ ನಮ್ಮನ್ನು ಹೊರಗೆ ಹಾಕಿಸಿ ನಗಬೇಕೆಂದಿದ್ದೀರಿ ಎಂದ.

“ನಮ್ಮನ್ನ ನಂಬಬ್ಯಾಡೋ ಯಪ್ಪಾ,” ಎಂದಳು ಬಂಗಾರೆವ್ವ. “ಆ ಮೂಗನ್ನೂ ನಂಬಬ್ಯಾಡ. ತಳದ ಪಡಸಾಲ್ಯಾಗ ಒಂದು ದೀಪ ಹಚ್ಚಿ, ನಿನ್ನ ಕಣ್ಣಿಲೇ ನೋಡು.”

ಅವನು ನೋಡಿದ. ಪುಣ್ಯಕ್ಕೆ ಅಷ್ಟು ಮಾಡಿದ. ದೀಪ ಕುಗ್ಗಿ ಕುಗ್ಗಿ ಆರಿಹೋಯಿತಂತೆ. ಹುಣಸಿಕಟ್ಟಿಯವರು ಮಕ್ಕಳನ್ನೆತ್ತಿಕೊಂಡು, ಧೂಳಿನ ಗಾಳಿಯಲ್ಲಿ ಒದ್ದೆ ಬಟ್ಟೆಯಿಂದ ಬಾಯಿ ಮುಚ್ಚಿಕೊಂಡು ಹಗೇವಿನ ಬಾಯಿಯ ಸುತ್ತ ಕೂತರು. ಸಿದರಾಯಪ್ಪ ಎಂಬ ಕುರಿಗಾರ ಮಾತ್ರ ಕಟ್ಟಿದ್ದ ಟಗರನ್ನು ಬಿಚ್ಚಿ ಬರುತ್ತೇನೆಂದು ಮತ್ತೆ ಇಳಿದ. ಅವನು ಹತ್ತಿ ಬರಲಿಲ್ಲ.

ಅತ್ತ ಸುದ್ದಿ ಬರುವಷ್ಟರಲ್ಲಿ ಇತ್ತ ನಾವು ಓದಿ ಮುಗಿಸಿದ್ದೆವು. ಏಕನಾಥ ಹೇಳಿದ್ದು ಸಾಲು ಸಾಲಿಗೂ ಸರಿಯಾಗಿತ್ತು. ಅಮೀನಾ ನಿಮ್ಮ ತೇಪೆಯನ್ನು ಎರಡಾಗಿ ಸೀಳಿದಳು: ಬೀಗ ಹಾಕಿಕೊಂಡು ಓದುವುದು ಒಂದು, ಮೊದಲೇ ಬೀಗ ಹಾಕಿಕೊಂಡು ಬಂದವರಿಗಾಗಿ ಬರೀ ಓದುವುದು ಇನ್ನೊಂದು. ಬಂಗಾರೆವ್ವ ಕಾಳಿನ ಕೋಣೆಯ ಬಾಗಿಲನ್ನು ತಾನೇ ತೆಗೆದಳು. ತಪ್ಪಾಯಿತು ಎನ್ನಲಿಲ್ಲ. ಒಂದು ತಂಬಿಗೆ ಮಜ್ಜಿಗೆಯನ್ನು ಅವನ ಕೈಗಿಟ್ಟಳು. ಅವನು ಕುಡಿಯದೆ ಅದನ್ನು ತಾಯಿಗೆ ಕೊಟ್ಟು ನಮ್ಮ ಜೊತೆ ಬೀಜದ ಪಡಸಾಲೆಗೆ ಬಂದ. ವಿದ್ಯುತ್ತು ಇಳಿಸಿದೆವು. ಬೀಸಣಿಗೆ ನಿಧಾನವಾಯಿತು, ನಿಂತೇಹೋಗುತ್ತದೆ ಎನ್ನಿಸುವಷ್ಟು ನಿಧಾನವಾಯಿತು, ಆದರೆ ತಿರುಗುತ್ತಲೇ ಇತ್ತು. ಹೊಗೆಗೆ ಮೂಗು ಕೆಂಪಾಯಿತು.

ಧೂಳು ಇನ್ನೂ ಹಾರುತ್ತಿರುವಾಗಲೇ ಅವನು ಹುಣಸಿಕಟ್ಟಿಗೆ ಹೊರಟ. ಅವನೊಬ್ಬನೇ ಹೋದರೆ ಅಲ್ಲಿಯವರು ಜೀವಸಹಿತ ಬಿಡುವುದಿಲ್ಲವೆಂದು ಅಮೀನಾ ಜೊತೆಗೆ ಹೋದಳು. ಅವಳನ್ನು ಮುಂದೆ ಮಾಡಿಕೊಂಡೇ ಅವನು ಆ ಹಗೇವಿಗೆ ಇಳಿದನಂತೆ. ಸಿದರಾಯಪ್ಪನ ಮಗಳು ಅವನ ಮುಖಕ್ಕೆ ಉಗಿದಳು. ಅವನು ಒರೆಸಿಕೊಳ್ಳದೆ ಕೆಲಸ ಮುಗಿಸಿದ ಎಂದು ಅಮೀನಾ ಹೇಳಿದಳು.

ಕಸ್ತೂರವ್ವನಿಗೆ ಈಗ ಮಾತು ಬಂದಿದೆ, ಎಡಗೈ ಮಾತ್ರ ಸ್ವಾಧೀನದಲ್ಲಿಲ್ಲ. ಗೌರಾಬಾಯಿ ಇನ್ನೂ ಇಲ್ಲೇ ಇದ್ದಾಳೆ. ಎದುರಿಗೆ ಸಿಕ್ಕರೆ ನನ್ನ ಜೊತೆ ಮಾತಾಡುವುದಿಲ್ಲ. ಏಕನಾಥ ಮಂಡಳಿಯವನಾಗಿಯೇ ಉಳಿದಿದ್ದಾನೆ. ಈಗ ತೇಪೆ ತಂದಾಗ ನನ್ನೆದುರು ಇಟ್ಟು, ತಾನೇ ಎದ್ದು ಹೊರಗೆ ಹೋಗುತ್ತಾನೆ. ಮಂಡಳಿಯ ಮೇಲಿನ ನನ್ನ ಸಂಶಯ ಹೋಗಿಲ್ಲ. ಹೊಸ ಮೂಗುಗಳನ್ನು ಪರೀಕ್ಷಿಸದೆ ಯಾರು ಕೂರಿಸಿದರು, ಯಾರ ಅವಸರಕ್ಕೆ ಕೂರಿಸಿದರು ಎಂದು ಕೇಳುತ್ತಲೇ ಇದ್ದೇನೆ. ಯಾರೂ ಬಾಯಿ ಬಿಡುತ್ತಿಲ್ಲ.

ಹಿರಿಯರೇ, ಸಿದರಾಯಪ್ಪನ ಸಾವನ್ನು ನಿಮ್ಮ ತಲೆಗೆ ಕಟ್ಟಲು ಇದನ್ನು ಬರೆಯುತ್ತಿಲ್ಲ. ನಿಮ್ಮ ಸಾಲುಗಳು ನೀವು ನಿಂತ ನೆಲದ ಮೇಲೆ ಸರಿಯಾಗಿದ್ದವು. ಆ ದಿನ ನಿಮಗೆ ಅವಸರವಿದ್ದಿರಬಹುದು, ಆಚೆ ಯಾರೋ ಊಟಕ್ಕೆ ಕರೆಯುತ್ತಿದ್ದಿರಬಹುದು. ಏನನ್ನು ಸರಿಪಡಿಸಿದಿರೆಂದು ಬರೆದಿರಿ. ಹಳೆಯವರಿಗೂ ಕಳಿಸಿ ಎಂದು ಬರೆದದ್ದು ನಿಮ್ಮ ದೊಡ್ಡತನ. ಅದಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ನಿಮ್ಮ ತೇಪೆ ಯಾವುದರ ಮೇಲೆ ನಿಂತಿದೆ, ಅದಕ್ಕೂ ಮುನ್ನ ಏನೇನು ಬದಲಾಗಿತ್ತು, ಯಾವುದಿಲ್ಲದ ಕಡೆ ಇದನ್ನು ಹಚ್ಚಬಾರದು ಎಂದು ಒಂದು ಸಾಲು ಬರೆಯಲಿಲ್ಲ. ನಿಮ್ಮ ಕಾಲದಲ್ಲಿ ಯಾರಾದರೂ ನಿಮ್ಮನ್ನೇ ಕೇಳಿ ತಿಳಿದುಕೊಳ್ಳಬಹುದಿತ್ತು. ನಾವು ಯಾರನ್ನು ಕೇಳೋಣ? ನೀವು ಬರೆದಿಟ್ಟಷ್ಟೇ ನಮಗೆ ಸಿಗುವುದು. ಉಳಿದದ್ದನ್ನು ನಾವು ಜನರನ್ನು ಕೂಡಿಹಾಕಿ, ಬೀಸಣಿಗೆ ನಿಲ್ಲಿಸಿ, ಕುರಿಗಾರರನ್ನು ಕಳೆದುಕೊಂಡು ಕಲಿಯಬೇಕು.

ನಿಮ್ಮ ನಡುವೆ ಇಂದು ಯಾರಾದರೂ ಒಂದು ಸಣ್ಣ ದೋಷ ಸರಿಪಡಿಸಿ, ಹಳೆಯದಕ್ಕೂ ಒಯ್ಯಿರಿ ಎಂದು ಬರೆದು ಎದ್ದೇಳಲು ಹೊರಟಿದ್ದರೆ, ಅವರನ್ನು ಇನ್ನೊಂದು ಗಳಿಗೆ ಕೂರಿಸಿ. ಇದು ಯಾವುದನ್ನು ನೆಚ್ಚಿಕೊಂಡಿದೆ ಎಂದು ಬರೆಸಿ. ಅಷ್ಟು ಮಾಡಿದರೆ ನಮ್ಮಲ್ಲಿ ಯಾರೋ ಒಬ್ಬರು ಟಗರನ್ನು ಬಿಚ್ಚಿಕೊಂಡು ಹತ್ತಿ ಬರುತ್ತಾರೆ.

ಇತಿ,
ದಾನಮ್ಮ ಪತ್ತಾರ
ತೇಪೆಮನೆ, ಎರಿಹಾಳ